ಮೈಸೂರಿನ ದಾಸೋಹ, ಲಂಡನ್ನಿನ ವಾದ್ಯವೃಂದ

ಕಳೆದ ಜಾತ್ರೆಯ ದಿನಗಳಲ್ಲಿ ರಾಮದುರ್ಗ ತಾಲೂಕಿನ ಒಂದು ಹಳ್ಳಿಗೆ ನಾವು ಹೋಗಿದ್ದೆವು. ಗುಡಿಯಿಂದ ಪಲ್ಲಕ್ಕಿ ಹೊರಟಿತ್ತು. ಅದರ ಮುಂದೆ ಕರಡಿ ಮಜಲಿನ ಮೇಳ. ಕೊರಳಿಗೆ ಕರಡಿ ವಾದ್ಯ ಕಟ್ಟಿಕೊಂಡವರು ನಾಲ್ವರು, ಸನಾದಿಯವರು ಇಬ್ಬರು, ತಾಳದವರು ಇಬ್ಬರು. ಮೊದಲು ನಿಧಾನವಾಗಿ ಆರಂಭವಾದ ನಡೆ ಬರಬರುತ್ತ ಬಿಗಿಯಾಯಿತು. ಎಂಟು ಜನರ ಕೈಗಳೂ ಒಂದೇ ಮನಸ್ಸಿನ ಮಾತು ಕೇಳುತ್ತಿರುವಂತೆ ತೋರಿತು. ಬಾಗಿಲಲ್ಲಿ ನಿಂತ ತಾಯಂದಿರು ಕಳಸ ಹಿಡಿದು ಕೈಮುಗಿದರು.

ಆದರೆ ಪಲ್ಲಕ್ಕಿ ಅಗಸಿಯನ್ನು ಮುಟ್ಟುವ ಮೊದಲೇ ಹಿಂದಿನಿಂದ ಟ್ರ್ಯಾಕ್ಟರಿನ ಮೇಲೇರಿ ಬಂದ ಧ್ವನಿವರ್ಧಕಗಳು ಸಿನಿಮಾ ಹಾಡನ್ನು ಹಚ್ಚಿದವು. ತರುಣರು ಅತ್ತ ಓಡಿದರು. ಸಂಘಟಕರಲ್ಲಿ ಒಬ್ಬರು ಮೇಳದವರಿಗೆ ಸಾಕು ಎಂದು ಕೈಸನ್ನೆ ಮಾಡಿದರು. ಹಿರಿಯ ವಾದಕರು ಏನೂ ಮಾತನಾಡಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ವಾದ್ಯವನ್ನು ಒರೆಸಿ, ಅದೇ ಟವೆಲನ್ನು ಅದಕ್ಕೆ ಹೊದಿಸಿ, ಕಟ್ಟೆಯ ಮೇಲೆ ಕುಳಿತರು. ಅವರ ಮಕ್ಕಳು ಕಲಿತಿದ್ದಾರೆಯೇ ಎಂದು ನಾವು ಕೇಳಿದಾಗ, ಕಲಿತು ಯಾರಿಗೆ ಕೇಳಿಸಬೇಕು ಎಂಬ ಅರ್ಥದಲ್ಲಿ ನಕ್ಕರು.

ಆ ನಗು ನಮ್ಮನ್ನು ಮನೆಯವರೆಗೂ ಹಿಂಬಾಲಿಸಿತು. ನುಡಿಸುವವನಿಗೆ ಸಾಧನೆಯ ಕರ್ತವ್ಯವಿದೆ, ಸರಿ. ಕೇಳುವವನಿಗೆ ಯಾವ ಕರ್ತವ್ಯವೂ ಇಲ್ಲವೇ? ಹೊಗಳಿಕೆ, ಬಹುಮಾನ, ಪತ್ರಿಕೆಯ ಮೆಚ್ಚುಗೆ ಇವೆಲ್ಲ ಬಂದ ಮೇಲೆ ಚಪ್ಪಾಳೆ ತಟ್ಟುವುದು ಸುಲಭ. ಅದಕ್ಕೂ ಮೊದಲು, ಯಾರೂ ಕೇಳದ ಹೊತ್ತಿನಲ್ಲಿ, ಕಿವಿಗೊಟ್ಟು ಕೈಹಿಡಿದವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನಮ್ಮ ನೆನಪಿಗೆ ಬಂದದ್ದು ದೂರದ ಲಂಡನ್ ನಗರದ ಒಂದು ವಾದ್ಯವೃಂದ. ಅದರ ಕೀರ್ತಿಯ ಬೇರೊಂದು ನಮ್ಮ ಮೈಸೂರಿನಲ್ಲಿಯೇ ಇದೆ ಎಂಬುದು ನಮ್ಮ ಎಷ್ಟೋ ಮನೆಗಳಿಗೆ ತಿಳಿಯದ ಸಂಗತಿ. ಓದುಗ ಬಂಧುಗಳೊಡನೆ ಅದನ್ನು ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಹಲವು ವಾದ್ಯ, ಒಂದು ನೇಯ್ಗೆ

ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಒಬ್ಬ ಗಾಯಕ ಅಥವಾ ವಾದಕ ಮುಖ್ಯ. ಉಳಿದವರು ಅವನಿಗೆ ಸಾಥಿ. ಪಾಶ್ಚಾತ್ಯರ ಆರ್ಕೆಸ್ಟ್ರಾ ಎಂಬ ವಾದ್ಯವೃಂದದ ರೀತಿ ಬೇರೆ. ಅಲ್ಲಿ ಪಿಟೀಲು, ಕೊಳಲು, ಕಹಳೆ, ನಗಾರಿ ಮೊದಲಾದ ವಾದ್ಯಗಳಿಗೆ ತಮ್ಮ ತಮ್ಮ ಪಾಲಿನ ಸ್ವರಗಳನ್ನು ಸಂಗೀತ ರಚನಕಾರನು ಮೊದಲೇ ಬರೆದಿಟ್ಟಿರುತ್ತಾನೆ. ಒಬ್ಬೊಬ್ಬರ ಪಾಲು ಬೇರೆ. ಎಲ್ಲವೂ ಕೂಡಿದಾಗಲೇ ಕೃತಿ. ರಾಮದುರ್ಗದ ನೇಕಾರ ಬಂಧುಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಸು ಒಂದು, ಹೊಕ್ಕು ಒಂದು, ಎರಡೂ ಕೂಡಿದಾಗ ಸೀರೆ. ಇಪ್ಪತ್ತು ಮೂವತ್ತು ಜನರ ಚಿಕ್ಕ ವೃಂದಕ್ಕೆ ಅವರು ಚೇಂಬರ್ ಆರ್ಕೆಸ್ಟ್ರಾ ಎನ್ನುತ್ತಾರೆ. ಎಂಬತ್ತು ತೊಂಬತ್ತು ಜನ ಸೇರಿದರೆ ಅದು ಸಿಂಫನಿ ಆರ್ಕೆಸ್ಟ್ರಾ.

ಇಷ್ಟು ಜನರನ್ನು ಸಾಕುವುದು ಸಾಮಾನ್ಯ ಮಾತಲ್ಲ. ಆದುದರಿಂದ ಇಂಥ ವೃಂದಗಳು ಸಾಮಾನ್ಯವಾಗಿ ಜನರು ಮೊದಲೇ ಮೆಚ್ಚಿದ ಹಳೆಯ ಕೃತಿಗಳನ್ನೇ ಮತ್ತೆ ಮತ್ತೆ ನುಡಿಸುತ್ತವೆ. ಹಾಗೆ ಮಾಡಿದರೆ ಟಿಕೆಟು ಮಾರಾಟವಾಗುತ್ತದೆ. ಯಾರೂ ಕೇಳಿರದ ಕೃತಿಯನ್ನು ಎತ್ತಿಕೊಂಡರೆ ಸಭಾಂಗಣ ಖಾಲಿ ಉಳಿದೀತೆಂಬ ಅಂಜಿಕೆ. ಈ ಅಂಜಿಕೆಯನ್ನು ದಾಟುವ ವೃಂದವನ್ನೇ ಸಾಹಸಿ ಎಂದು ವಿಮರ್ಶಕರು ಮೆಚ್ಚುವುದು. ಆದರೆ ಸಾಹಸಕ್ಕೆ ಧೈರ್ಯದ ಜೊತೆಗೆ ದವಸವೂ ಬೇಕು.

ಯುದ್ಧದ ಬೂದಿಯಲ್ಲಿ ಮೊಳೆತದ್ದು

ಎರಡನೆಯ ಮಹಾಯುದ್ಧ ಮುಗಿದ ವರ್ಷ, 1945. ಲಂಡನ್ ನಗರದ ಬೀದಿಗಳಲ್ಲಿ ಬಾಂಬು ಬಿದ್ದು ಉರುಳಿದ ಕಟ್ಟಡಗಳ ರಾಶಿ ಇನ್ನೂ ಹಾಗೆಯೇ ಇತ್ತು. ಆ ಕಾಲದಲ್ಲಿ ಧ್ವನಿಮುದ್ರಿಕೆಯ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಲೆಗ್ ಎಂಬವರು ಉತ್ತಮ ವಾದಕರನ್ನು ಆರಿಸಿ ಫಿಲ್‌ಹಾರ್ಮೋನಿಯಾ ಎಂಬ ಹೊಸ ವಾದ್ಯವೃಂದವನ್ನು ಕಟ್ಟಿದರು. ವಾದಕರಲ್ಲಿ ಅನೇಕರು ಇನ್ನೂ ಸೈನ್ಯದ ಸೇವೆಯಿಂದ ಬಿಡುಗಡೆ ಹೊಂದಿರಲಿಲ್ಲ. 1945ರ ಅಕ್ಟೋಬರ್ 27ರಂದು ಕಿಂಗ್ಸ್‌ವೇ ಹಾಲ್‌ನಲ್ಲಿ ಅವರ ಮೊದಲ ಕಚೇರಿ ನಡೆಯಿತು. ಆ ಸಂಜೆ ನುಡಿಸಿದ್ದೆಲ್ಲವೂ ಮೊಜಾರ್ಟ್‌ನ ರಚನೆಗಳು. ನಿರ್ದೇಶಿಸಿದವರು ಸರ್ ಥಾಮಸ್ ಬೀಚಮ್. ಅವರು ಗೌರವಧನವಾಗಿ ಸ್ವೀಕರಿಸಿದ್ದು ಒಂದು ಒಳ್ಳೆಯ ಚುಟ್ಟಾ ಮಾತ್ರ ಎಂಬ ಕಥೆ ಸಂಗೀತಗಾರರಲ್ಲಿ ಇಂದಿಗೂ ಪ್ರಚಲಿತವಾಗಿದೆ.

ಒಂದು ಸಂಜೆಯನ್ನು ಚುಟ್ಟಾದ ಮೇಲೆ ನಡೆಸಬಹುದು. ವರ್ಷಗಟ್ಟಲೆ ವಾದಕರ ಸಂಸಾರ ಸಾಗುವುದಕ್ಕೆ ಸಂಬಳ ಬೇಕು. ಸರಕಾರದ ಆಸರೆ ಈ ವೃಂದಕ್ಕೆ ಇರಲಿಲ್ಲ. ಧ್ವನಿಮುದ್ರಣದ ಕೂಲಿಯಿಂದ ಹೇಗೋ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ಏಳು ಸಾವಿರ ಕಿಲೋಮೀಟರಿಗೂ ದೂರದ ಮೈಸೂರಿನಿಂದ ಒಂದು ಕೈ ಚಾಚಿತು.

ಅರಸರ ಕಿವಿ

ಶ್ರೀ ಜಯಚಾಮರಾಜ ಒಡೆಯರು ಜನಿಸಿದ್ದು 1919ರ ಜುಲೈ 18ರಂದು. 1940ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದರ ತರುಣನ ತಲೆಯ ಮೇಲೆ ರಾಜ್ಯದ ಭಾರ ಬಂದಿತು. ಬಾಲ್ಯದಿಂದ ಪಿಯಾನೋ ಅಭ್ಯಾಸ ಮಾಡಿದ್ದ ಅವರಿಗೆ ಕಚೇರಿ ವಾದಕನಾಗಬೇಕೆಂಬ ಆಸೆಯಿತ್ತು. ಸಿಂಹಾಸನ ಆ ಆಸೆಗೆ ಅಡ್ಡಬಂದಿತು. ಆದರೂ ಅಭ್ಯಾಸವನ್ನು ಬಿಡದೆ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. ಅದೇ ವರ್ಷ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಎಂದು ಮನ್ನಿಸಿತು.

ಪಾಶ್ಚಾತ್ಯ ಸಂಗೀತದ ಮೇಲಿನ ಒಲವು ಅವರನ್ನು ನಾಡಿನ ಸಂಗೀತದಿಂದ ದೂರ ಒಯ್ಯಲಿಲ್ಲ. ವೀಣೆ ವೆಂಕಟಗಿರಿಯಪ್ಪನವರಂಥ ಆಸ್ಥಾನ ವಿದ್ವಾಂಸರ ಸಾಮೀಪ್ಯದಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿ, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಎರಡು ಸಂಗೀತಗಳು ಒಂದೇ ಎದೆಯಲ್ಲಿ ಜಗಳವಾಡದೆ ಬಾಳಬಲ್ಲವು ಎಂಬುದಕ್ಕೆ ಅವರೇ ಸಾಕ್ಷಿ.

ವಾಲ್ಟರ್ ಲೆಗ್ ಅವರು ಮೈಸೂರಿಗೆ ಬಂದಾಗ ಮಹಾರಾಜರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅರಮನೆಯಲ್ಲಿದ್ದ ಧ್ವನಿಮುದ್ರಿಕೆಗಳ ಭಂಡಾರವನ್ನೂ ಧ್ವನಿಯಂತ್ರಗಳನ್ನೂ ದೊಡ್ಡ ದೊಡ್ಡ ಪಿಯಾನೋಗಳನ್ನೂ ಕಂಡು ತಾವು ಬೆರಗಾದುದನ್ನು ಲೆಗ್ ಅವರು ಮುಂದೆ ಬರೆದುಕೊಂಡಿದ್ದಾರೆ. ಫಿಲ್‌ಹಾರ್ಮೋನಿಯಾ ವೃಂದವೂ ಅದರ ಕಚೇರಿ ಸಂಘವೂ ಗಟ್ಟಿಯಾಗಿ ನೆಲೆನಿಲ್ಲಲೆಂದು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಧನ ಒದಗಿಸಲು ಮಹಾರಾಜರು ಒಪ್ಪಿದರು. 1948ರಲ್ಲಿ ಆ ಕಚೇರಿ ಸಂಘದ ಪ್ರಥಮ ಅಧ್ಯಕ್ಷರೂ ಅವರೇ ಆದರು.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಎಲ್ಲರೂ ಬಲ್ಲ ಕೃತಿಗಳನ್ನು ನುಡಿಸಿ ಚೆನ್ನಾಗಿ ಹೆಸರು ಮಾಡಿರಿ ಎಂದು ಅವರು ಹಣ ಕೊಡಲಿಲ್ಲ. ಅಂಗಡಿಯಲ್ಲಿ ಧ್ವನಿಮುದ್ರಿಕೆ ಸಿಗದ, ಕಚೇರಿಗಳಲ್ಲಿ ಅಪರೂಪವಾದ ರಚನೆಗಳನ್ನು ಅವರು ಕೇಳಬಯಸಿದರು. ರಷ್ಯದ ಬಾಲಕಿರೆವ್‌ನ ಮೊದಲ ಸಿಂಫನಿ, ಫ್ರಾನ್ಸಿನ ರುಸೆಲ್‌ನ ನಾಲ್ಕನೆಯ ಸಿಂಫನಿ ಅಂಥವು. ಅವೆರಡನ್ನೂ 1949ರಲ್ಲಿ ತರುಣ ನಿರ್ದೇಶಕ ಹರ್ಬರ್ಟ್ ಫಾನ್ ಕಾರಾಯಾನ್ ಅವರು ಫಿಲ್‌ಹಾರ್ಮೋನಿಯಾದಿಂದ ನುಡಿಸಿ ಮುದ್ರಿಸಿದರು. ಮೈಸೂರಿನಲ್ಲಿ ಕುಳಿತ ಒಬ್ಬ ಶ್ರೋತೃವಿನ ಕುತೂಹಲ ಲಂಡನ್ನಿನ ವೃಂದವೊಂದನ್ನು ಹೊಸ ಹಾದಿಗೆ ಹಚ್ಚಿತು.

ಮರೆತುಹೋದ ಒಬ್ಬ ವೃದ್ಧರು

ಮಹಾರಾಜರ ಈ ಕಾರ್ಯದಲ್ಲಿ ನಮ್ಮ ಮನಸ್ಸನ್ನು ಹೆಚ್ಚು ಕಲಕಿದ್ದು ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ರಚನಕಾರರ ಪ್ರಸಂಗ. 1880ರಲ್ಲಿ ಮಾಸ್ಕೋದಲ್ಲಿ ಜನಿಸಿದ ಅವರು ಕ್ರಾಂತಿಯ ನಂತರ 1921ರಲ್ಲಿ ಸ್ವದೇಶವನ್ನು ತೊರೆದರು. ಊರೂರು ತಿರುಗಿ 1930ರ ದಶಕದ ನಡುಭಾಗದಲ್ಲಿ ಪತ್ನಿಯೊಡನೆ ಲಂಡನ್ನಿನಲ್ಲಿ ನೆಲೆಸಿದರು. ಮಹಾನ್ ಪಿಯಾನೋ ವಾದಕ ರಾಖ್ಮಾನಿನೋವ್ ಅವರಿಗೆ ಆಪ್ತ ಸ್ನೇಹಿತ. ಆದರೆ ಕಾಲದ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಹೊಸ ಫ್ಯಾಶನ್ನಿಗೆ ತಲೆಬಾಗದ ಮೆಟ್ನರ್ ಅವರ ಸಂಗೀತವನ್ನು ಕೇಳುವವರು ಕಡಿಮೆಯಾದರು. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪ ಆದಾಯವೂ ಯುದ್ಧದಿಂದಾಗಿ ನಿಂತಿತು. ಹೃದ್ರೋಗವೂ ಅಂಟಿಕೊಂಡಿತು. ಪಾಠ ಹೇಳಿ ದಿನ ಕಳೆಯುತ್ತಿದ್ದ ಆ ವೃದ್ಧರನ್ನು ದೊಡ್ಡ ಕಂಪನಿಗಳು ಮರೆತಿದ್ದವು.

ಅಂಥವರ ಹೆಸರಿನಲ್ಲಿ ಮೈಸೂರಿನ ಮಹಾರಾಜರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸುವ ಏರ್ಪಾಡು ಮಾಡಿದರು. 1947ರಲ್ಲಿ ಮೆಟ್ನರ್ ಅವರು ತಮ್ಮ ಮೂರು ಪಿಯಾನೋ ಕಾನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವೃಂದದೊಡನೆ ನುಡಿಸಿದರು. ಹಾಡುಗಳೂ ಚಿಕ್ಕ ಮೇಳದ ರಚನೆಗಳೂ ಮುದ್ರಿತವಾದವು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ ಅವನ್ನು ಮೂರು ಸಂಪುಟಗಳಲ್ಲಿ ಹೊರತಂದಿತು. ನಾಯಿ ಗ್ರಾಮಫೋನಿನ ಮುಂದೆ ಕುಳಿತ ಆ ಚಿತ್ರವುಳ್ಳ ತಟ್ಟೆಗಳನ್ನು ನಮ್ಮ ಹಿರಿಯರೂ ಬಲ್ಲರು. ಕೃತಜ್ಞರಾದ ಮೆಟ್ನರ್ ತಮ್ಮ ಮೂರನೆಯ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು.

1951ರ ನವೆಂಬರ್ 13ರಂದು ಮೆಟ್ನರ್ ತೀರಿಕೊಂಡರು. ಕೆಲವೇ ವರ್ಷ ತಡವಾಗಿದ್ದರೆ ಆ ಬೆರಳುಗಳ ಧ್ವನಿ ಮಣ್ಣಿನಲ್ಲಿ ಮರೆಯಾಗುತ್ತಿತ್ತು. 1990ರ ದಶಕದಿಂದ ಈಚೆಗೆ ಹಲವು ದೇಶಗಳ ಪಿಯಾನೋ ವಾದಕರು ಮೆಟ್ನರ್ ಕೃತಿಗಳನ್ನು ಶ್ರದ್ಧೆಯಿಂದ ಎತ್ತಿಕೊಂಡಿದ್ದಾರೆ. ವಿಮರ್ಶಕರು ಮೆಚ್ಚಿ ಬರೆಯುತ್ತಿದ್ದಾರೆ. ಆ ಹೊಸ ವಾದಕರು ದಾರಿಗಾಗಿ ಕಿವಿಗೊಡುವುದು ಮೈಸೂರಿನ ಹಣದಿಂದ ಮುದ್ರಣಗೊಂಡ ಹಳೆಯ ತಟ್ಟೆಗಳಿಗೆ.

1950ರ ಮೇ 22ರ ರಾತ್ರಿ

ಜರ್ಮನಿಯ ಹಿರಿಯ ರಚನಕಾರ ರಿಚರ್ಡ್ ಸ್ಟ್ರಾಸ್ ಅವರು ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, 1948ರಲ್ಲಿ, ವಾದ್ಯವೃಂದದೊಡನೆ ಹಾಡತಕ್ಕ ನಾಲ್ಕು ಗೀತೆಗಳನ್ನು ರಚಿಸಿದರು. ಬಾಳಿನ ಸಂಜೆ, ದಣಿವು, ಬಿಡುಗಡೆ ಇವೇ ಅವುಗಳ ವಸ್ತು. ಮೂರು ಗೀತೆಗಳ ಕವಿ ಹರ್ಮನ್ ಹೆಸ್ಸೆ. ಕಿಟೆಲ್ ಅವರನ್ನು ಕನ್ನಡ ನಾಡಿಗೆ ಕಳಿಸಿದ ಬಾಸೆಲ್ ಮಿಷನ್ನಿನಲ್ಲಿಯೇ ಹೆಸ್ಸೆಯ ತಾಯಿಯ ತಂದೆ ಗುಂಡರ್ಟ್ ಕೂಡ ಇದ್ದರು. ಮಲಯಾಳ ನಿಘಂಟು ರಚಿಸಿದವರು ಅವರೇ. ಹೀಗೆ ನಮ್ಮ ಕರಾವಳಿಯ ನೆರಳು ಆ ಕವಿಯ ಮನೆಯ ಮೇಲೂ ಬಿದ್ದಿತ್ತು.

ಸ್ಟ್ರಾಸ್ ಅವರು 1949ರ ಸೆಪ್ಟೆಂಬರಿನಲ್ಲಿ ನಿಧನರಾದರು. ತಮ್ಮ ಕೊನೆಯ ಗೀತೆಗಳನ್ನು ಸಭೆಯಲ್ಲಿ ಕೇಳುವ ಭಾಗ್ಯ ಅವರಿಗೆ ದೊರೆಯಲಿಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವು ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ನಾರ್ವೆಯ ಕಿರ್ಸ್ಟೆನ್ ಫ್ಲಾಗ್‌ಸ್ಟಾ, ನಿರ್ದೇಶಕರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ. ಆ ಕಚೇರಿಗೂ ಅದರ ಧ್ವನಿಮುದ್ರಣಕ್ಕೂ 4,800 ಡಾಲರ್ ಜವಾಬ್ದಾರಿ ಹೊತ್ತವರು ಮೈಸೂರಿನ ಮಹಾರಾಜರು. ಅವರಿಗೆ ಸ್ವತಃ ಹೋಗಲಾಗಲಿಲ್ಲ. ಮುದ್ರಿಸಿದ ತಟ್ಟೆಗಳು ಮೈಸೂರಿಗೆ ಬಂದವು. ಲಂಡನ್ನಿನ ಶ್ರೋತೃಗಳು ಸಭಾಂಗಣದಲ್ಲಿ ಕೇಳಿದ ಸಂಗೀತವನ್ನು ಅದರ ದಾನಿಯು ಅರಮನೆಯ ಕೋಣೆಯಲ್ಲಿ ಕೇಳಿದರು. ಆ ರಾತ್ರಿಯ ಮುದ್ರಣ ಒರಟಾಗಿದ್ದರೂ ಇಂದಿಗೂ ಉಳಿದಿದೆ. ಆ ನಾಲ್ಕು ಗೀತೆಗಳು ಜಗತ್ತಿನ ಅತ್ಯಂತ ಪ್ರಿಯವಾದ ಗೀತೆಗಳ ಸಾಲಿನಲ್ಲಿ ಸೇರಿವೆ.

ಮೆಚ್ಚುಗೆ ಬಂದದ್ದು ಆಮೇಲೆ

1952ರಲ್ಲಿ ಕಾರಾಯಾನ್ ಅವರೊಡನೆ ಫಿಲ್‌ಹಾರ್ಮೋನಿಯಾ ಯುರೋಪಿನ ಪ್ರವಾಸ ಕೈಗೊಂಡಿತು. ಅದೇ ವರ್ಷ, ಮೆಚ್ಚುಗೆಯ ಮಾತಿನಲ್ಲಿ ಬಹಳ ಜಿಪುಣರೆಂದು ಹೆಸರಾದ ವೃದ್ಧ ನಿರ್ದೇಶಕ ತೊಸ್ಕಾನಿನಿ ಈ ವೃಂದವನ್ನು ನಿರ್ದೇಶಿಸಲು ಲಂಡನ್ನಿಗೆ ಬಂದರು. 1955ರಲ್ಲಿ ಅಮೆರಿಕದ ಪ್ರವಾಸವೂ ಆಯಿತು. ಹತ್ತೇ ವರ್ಷಗಳ ಈ ಕೂಸನ್ನು ವಿಮರ್ಶಕರು ಯುರೋಪಿನ ಶ್ರೇಷ್ಠ ವೃಂದಗಳ ಪಂಕ್ತಿಯಲ್ಲಿ ಕೂಡಿಸಿದರು. ಆಗ ಎಲ್ಲ ಪತ್ರಿಕೆಗಳೂ ಹೊಗಳಿದವು. ಆದರೆ ಲೆಕ್ಕದ ಪುಸ್ತಕದಲ್ಲಿ ಸಾಲವೇ ತುಂಬಿದ್ದ ದಿನಗಳಲ್ಲಿ ಹೊಗಳಿಕೆ ಅಕ್ಕಿಯನ್ನು ತಂದಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. 1964ರಲ್ಲಿ ಸಂಸ್ಥಾಪಕ ಲೆಗ್ ಅವರೇ ವೃಂದವನ್ನು ನಿಲ್ಲಿಸುವುದಾಗಿ ಸಾರಿದರು. ಒಡೆಯನು ಕೈಬಿಟ್ಟನೆಂದು ವಾದಕರು ಚದುರಿಹೋಗಲಿಲ್ಲ. ತಮ್ಮವರಲ್ಲಿಯೇ ಸಮಿತಿಯನ್ನು ಮಾಡಿಕೊಂಡು, ನ್ಯೂ ಫಿಲ್‌ಹಾರ್ಮೋನಿಯಾ ಎಂಬ ಹೆಸರಿನಿಂದ ತಾವೇ ಆಡಳಿತ ನಡೆಸಿದರು. 1977ರಲ್ಲಿ ಹಳೆಯ ಹೆಸರನ್ನು ಮರಳಿ ಪಡೆದರು. ಆ ವೃಂದ ಇಂದಿಗೂ ಬಾಳುತ್ತಿದೆ. ದಾನಿಯು ಬೀಜ ಬಿತ್ತಬಲ್ಲ. ಕಳೆ ತೆಗೆದು ನೀರುಣಿಸುವುದು ದುಡಿಯುವವರ ಕಾಯಕ. ಕಾಯಕ ಮತ್ತು ದಾಸೋಹ ಎರಡೂ ಕೂಡಿದಲ್ಲಿ ಮಾತ್ರ ಸಂಸ್ಥೆ ಉಳಿಯುತ್ತದೆ ಎಂಬುದನ್ನು ಶರಣರ ಮಕ್ಕಳಾದ ನಮಗೆ ಬೇರೆ ಹೇಳಬೇಕೇ?

ಪ್ರಜೆಗಳ ನಾಡಿನ ಹಣವನ್ನು ಕಡಲಾಚೆಯ ವಾದ್ಯಗಳಿಗೆ ಸುರಿದದ್ದು ಸರಿಯೇ ಎಂದು ಕೆಲವು ಓದುಗರು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಬರಗಾಲವನ್ನು ಬಲ್ಲ ನಮ್ಮ ಸೀಮೆಯ ಜನರಿಗೆ ಆ ಪ್ರಶ್ನೆ ಇನ್ನೂ ಹರಿತವಾಗಿ ತೋರುತ್ತದೆ. ಅರಸರಿಗೆ ಸಾಧ್ಯವಾದದ್ದು ಅರಸೊತ್ತಿಗೆಯಿಂದ. ಆ ಕಾಲ ಮುಗಿಯಿತು. ನಮ್ಮ ರಾಮದುರ್ಗವೂ ಭಾವೆ ಮನೆತನದ ಒಂದು ಪುಟ್ಟ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ರಾಜ್ಯಪಾಲರ ಪೀಠದಲ್ಲಿದ್ದವರು ಇದೇ ಜಯಚಾಮರಾಜ ಒಡೆಯರು. ಕಿರೀಟವಿಲ್ಲದ ಆ ಹುದ್ದೆಯನ್ನು ಅವರು 1964ರವರೆಗೆ ನಿರ್ವಹಿಸಿದರು. ಅರಸರಿಲ್ಲದ ಈ ಕಾಲದಲ್ಲಿ ಕಲೆಯ ಭಾರವನ್ನು ಹೊರಬೇಕಾದವರು ಯಾರು ಎಂಬುದೇ ಈಗ ಉಳಿದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಸಮಾಜದಲ್ಲಿಯೇ ಇದೆ.

ಹಾನಗಲ್ಲ ಶ್ರೀಗಳು ತೋರಿದ ದಾರಿ

ರಾಮದುರ್ಗವನ್ನು ಹಾಯ್ದು ಹರಿಯುವ ಮಲಪ್ರಭೆಯೇ ಮುಂದೆ ಬಾದಾಮಿ ಸೀಮೆಯಲ್ಲಿ ಶಿವಯೋಗಮಂದಿರದ ಪಾದ ತೊಳೆದು ಕೂಡಲಸಂಗಮವನ್ನು ಸೇರುತ್ತಾಳೆ. ಆ ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಪೂಜ್ಯ ಹಾನಗಲ್ಲ ಕುಮಾರ ಶಿವಯೋಗಿಗಳು ಅರಸರಲ್ಲ. ಕೈಯಲ್ಲಿ ಜೋಳಿಗೆ ಹಿಡಿದ ವಿರಕ್ತರು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಗುರುಡನಾಗಿ ಜನಿಸಿದ ಗದಿಗೆಯ್ಯ ಎಂಬ ಬಾಲಕನ ಕೊರಳಲ್ಲಿ ಅವರು ನಾದವನ್ನು ಗುರುತಿಸಿದರು. ಅಂದು ಯಾವ ವಿಮರ್ಶಕನೂ ಆ ಬಾಲಕನನ್ನು ಹೊಗಳಿರಲಿಲ್ಲ. ಕುರುಡ ಮಗು ಮನೆಗೆ ಭಾರ ಎಂದು ಲೋಕ ಮರುಗುತ್ತಿದ್ದ ಕಾಲ. ಭಕ್ತರು ಹಾಕಿದ ಭಿಕ್ಷೆಯ ಬಲದಿಂದ ಶ್ರೀಗಳು ಅವನಿಗೆ ವರ್ಷಾನುಗಟ್ಟಲೆ ಪಾಠ ಕೊಡಿಸಿದರು. ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಆ ಬಾಲಕನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು.

ಗವಾಯಿಗಳವರು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸಂಚರಿಸುತ್ತ ಅನ್ನ, ವಿದ್ಯೆ ಎರಡನ್ನೂ ನೀಡಿದರು. ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಸಂಘವನ್ನೂ ನಡೆಸಿದರು. ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳವರು ಆ ಭಾರ ಹೊತ್ತರು. ಕಣ್ಣಿಲ್ಲದ ಅವರು ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಮೊದಲಾದ ಹಲವು ವಾದ್ಯಗಳನ್ನು ಬಲ್ಲವರಾಗಿದ್ದರು. ಒಬ್ಬರೇ ಒಂದು ವಾದ್ಯವೃಂದವಾಗಿದ್ದರೆಂದರೆ ಅತಿಶಯೋಕ್ತಿಯಲ್ಲ. ಭಾರತ ಸರಕಾರ ಅವರಿಗೆ ಪದ್ಮಭೂಷಣ ನೀಡಿದ್ದು 2010ರಲ್ಲಿ. ಆಗ ಅವರ ವಯಸ್ಸು ತೊಂಬತ್ತಾರು. ಅದೇ ವರ್ಷ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು. ಪಂಚಾಕ್ಷರಿ ಗವಾಯಿಗಳ ಇನ್ನೊಬ್ಬ ಶಿಷ್ಯ ಪಂಡಿತ ಬಸವರಾಜ ರಾಜಗುರು ಅವರ ಗಾಯನವನ್ನು ದೇಶವೇ ಮೆಚ್ಚಿತು. ಎಣಿಸಿ ನೋಡಿರಿ: ಜೋಳಿಗೆಯ ಮೊದಲ ಕಾಸಿಗೂ ದಿಲ್ಲಿಯ ಪದ್ಮಭೂಷಣಕ್ಕೂ ನಡುವೆ ಒಂದು ಶತಮಾನದಷ್ಟು ದೂರ.

ಅರಮನೆಯ ಬ್ಯಾಂಡಿನಿಂದ ಅದೇ ಸಭಾಂಗಣಕ್ಕೆ

ಮೈಸೂರಿನ ಕಥೆಗೆ ಒಂದು ಉತ್ತರಭಾಗವಿದೆ. ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡೂ ಕರ್ನಾಟಕ ಸಂಗೀತದ ಬ್ಯಾಂಡೂ ಇದ್ದವು. ಆ ಪರಂಪರೆ ಮುಂದೆ ಪೊಲೀಸ್ ಬ್ಯಾಂಡಿನ ರೂಪದಲ್ಲಿ ದಸರೆಯಲ್ಲಿ ಉಳಿಯಿತು. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗನೊಬ್ಬ ಆ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ. ಹಿತ್ತಾಳೆಯ ಆ ಪರದೇಶಿ ವಾದ್ಯದಲ್ಲಿ ನಮ್ಮ ಗಮಕಗಳು ಬರುವವೇ ಎಂದು ಅನುಮಾನಿಸಿದವರು ಬಹಳ. ಆತ ವಾದ್ಯದ ಕೀಲಿಗಳನ್ನು ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಉಸಿರು ಸವೆಸಿ ಸಾಧಿಸಿದ. ಅವರೇ ಕದ್ರಿ ಗೋಪಾಲನಾಥರು. 1994ರಲ್ಲಿ ಬಿ.ಬಿ.ಸಿ.ಯ ಪ್ರಾಮ್ಸ್ ಸಂಗೀತೋತ್ಸವಕ್ಕೆ ಅವರಿಗೆ ಕರೆ ಬಂದಿತು. ಅವರು ನುಡಿಸಿದ್ದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. 1950ರಲ್ಲಿ ಮೈಸೂರಿನ ಧನದಿಂದ ಸ್ಟ್ರಾಸ್‌ನ ಗೀತೆಗಳು ಮೊಳಗಿದ ಅದೇ ಸಭಾಂಗಣದಲ್ಲಿ, ನಲವತ್ತನಾಲ್ಕು ವರ್ಷಗಳ ತರುವಾಯ, ಮೈಸೂರಿನ ಬ್ಯಾಂಡಿನಿಂದ ಸ್ಫೂರ್ತಿಗೊಂಡ ಕನ್ನಡ ನಾಡಿನ ಕಲಾವಿದರು ಕರ್ನಾಟಕ ಸಂಗೀತವನ್ನು ಮೊಳಗಿಸಿದರು. ಮಹಾರಾಜರು ಅದನ್ನು ಕಾಣಲು ಇರಲಿಲ್ಲ. ಅವರು 1974ರಲ್ಲಿಯೇ ತೀರಿಕೊಂಡಿದ್ದರು. ಬಿತ್ತಿದವನೇ ಉಣ್ಣಬೇಕೆಂಬ ನಿಯಮ ಕಲೆಯ ಹೊಲದಲ್ಲಿಲ್ಲ.

ನಮ್ಮ ಜಾತ್ರೆಗಳಲ್ಲಿ ನಾವು ಮಾಡಬಹುದಾದುದು

ಈಗ ಕಟ್ಟೆಯ ಮೇಲೆ ಟವೆಲು ಹೊದಿಸಿದ ಕರಡಿ ವಾದ್ಯದ ಬಳಿಗೆ ಮರಳಿ ಬರೋಣ. 1977ರಲ್ಲಿ ತೆರೆಗೆ ಬಂದ ಸನಾದಿ ಅಪ್ಪಣ್ಣ ಚಿತ್ರದಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರು ನುಡಿಸಿದ ನಾದವನ್ನು ಕೇಳಿ ಕಣ್ಣೀರು ಹಾಕಿದ ಮನೆಗಳು ನಮ್ಮವು. ತೆರೆಯ ಮೇಲಿನ ಸನಾದಿಯವನಿಗೆ ಅತ್ತೆವು. ನಮ್ಮ ಓಣಿಯ ಸನಾದಿಯವನಿಗೆ ಸಾಕು ಎಂದು ಕೈಸನ್ನೆ ಮಾಡಿದೆವು. ಇದು ನಮ್ಮೆಲ್ಲರ ತಪ್ಪು. ಅಂದು ಸುಮ್ಮನೆ ನಿಂತು ನೋಡಿದ ನಾವೂ ಅದರಲ್ಲಿ ಪಾಲುಗಾರರು.

ಹತ್ತು ಸಾವಿರ ಪೌಂಡು ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಆದರೆ ಗೊಡಚಿಯ ವೀರಭದ್ರೇಶ್ವರನ ಜಾತ್ರೆಯಿಂದ ಹಿಡಿದು ಚಿಕ್ಕ ಹಳ್ಳಿಯ ಬಸವಣ್ಣನ ಓಕಳಿಯವರೆಗೆ ಎಲ್ಲೆಲ್ಲಿ ಪಟ್ಟಿ ಎತ್ತುತ್ತೇವೋ ಅಲ್ಲೆಲ್ಲ ಒಂದು ಪಾಲನ್ನು ಮೇಳದವರಿಗೆಂದು ಮೊದಲೇ ತೆಗೆದಿಡಬಹುದು. ಪ್ರಸಾದಕ್ಕೆ, ಮಂಟಪಕ್ಕೆ ತೆಗೆದಿಡುವಂತೆ ಇದಕ್ಕೂ. ಪಲ್ಲಕ್ಕಿ ಗುಡಿಯಿಂದ ಹೊರಟು ಅಗಸಿ ಮುಟ್ಟುವವರೆಗೆ ಧ್ವನಿವರ್ಧಕ ಬೇಡವೆಂದು ಊರ ಹಿರಿಯರು ಕೂಡಿ ಗೊತ್ತುಪಡಿಸಬಹುದು. ತರುಣರ ಹಾಡಿಗೆ ಉಳಿದ ರಾತ್ರಿಯೆಲ್ಲ ಇದೆ.

ಮಹಾರಾಜರು ಮಾಡಿದಂತೆ ಇನ್ನೂ ಒಂದನ್ನು ಮಾಡಬಹುದು. ಎಲ್ಲರೂ ಬಲ್ಲ ಎರಡು ನಡೆಗಳನ್ನು ನುಡಿಸಿ ಮುಗಿಸಲು ಹೇಳುವ ಬದಲು, ನಿಮ್ಮ ಅಜ್ಜ ನುಡಿಸುತ್ತಿದ್ದ, ಈಗ ಯಾರೂ ಕೇಳದ ನಡೆ ಯಾವುದಿದೆ, ಅದನ್ನು ನುಡಿಸಿರಿ ಎಂದು ಮೇಳದ ಹಿರಿಯರನ್ನು ಕೇಳೋಣ. ನಮ್ಮ ಮನೆಯ ಮದುವೆಗೆ ಕರೆಸಿದಾಗ ಅರ್ಧ ತಾಸು ಕುಳಿತು ಕೇಳೋಣ. ಕೈಯಲ್ಲಿರುವ ಮೊಬೈಲಿನಲ್ಲಿಯಾದರೂ ಅದನ್ನು ಮುದ್ರಿಸಿ, ನುಡಿಸಿದವರ ಹೆಸರು, ಊರು, ತಾರೀಖು ಬರೆದಿಡೋಣ. ಮೆಟ್ನರ್ ಅವರ ಬೆರಳುಗಳು ಉಳಿದದ್ದು ಹಾಗೆಯೇ. ಒಂದು ಓಣಿಯಿಂದ ಇಬ್ಬರು ಹುಡುಗರು, ಸಾಧ್ಯವಾದರೆ ಹುಡುಗಿಯರೂ, ರಜೆಯಲ್ಲಿ ಆ ಹಿರಿಯರ ಬಳಿ ಕುಳಿತು ಕಲಿತರೆ ಅವರ ಗುರುಕಾಣಿಕೆಯನ್ನು ಓಣಿಯವರೇ ಕೂಡಿಸಿ ಕೊಡಬಹುದು.

ಇದರಿಂದ ನಾಳೆಯೇ ನಮ್ಮೂರ ಮೇಳವನ್ನು ದಿಲ್ಲಿಯವರು ಹೊಗಳಿಯಾರೆಂದು ನಾವು ಹೇಳುವುದಿಲ್ಲ. ಹೊಗಳಿಕೆ ಬಂದೀತು, ಬಾರದಿರಲೂಬಹುದು. ದಾಸೋಹ ಮಾಡುವವನು ಉಂಡವನ ಬಾಯಿಂದ ಹೊಗಳಿಕೆಯನ್ನು ನಿರೀಕ್ಷಿಸುವುದಿಲ್ಲ. ಹಸಿದವನು ಬಂದಾಗ ಬಾಗಿಲು ತೆರೆದಿರಬೇಕು, ಅಷ್ಟೇ. ಕಲಾವಿದನ ಹಸಿವು ಎರಡು ಬಗೆಯದು. ಒಂದು ಹೊಟ್ಟೆಯದು, ಇನ್ನೊಂದು ಕೇಳುವ ಕಿವಿಯದು. ಎರಡನ್ನೂ ಇಂಗಿಸುವ ಶಕ್ತಿ ನಮ್ಮ ಸಾಮಾನ್ಯ ಮನೆಗಳಿಗಿದೆ.

ಬರುವ ಜಾತ್ರೆಗೆ ನಾವು ಮತ್ತೆ ಅದೇ ಹಳ್ಳಿಗೆ ಹೋಗಲಿದ್ದೇವೆ. ಆ ಹಿರಿಯರ ಎದುರು ಕುಳಿತು, ನಮಗೆ ಗೊತ್ತಿಲ್ಲದ ಒಂದು ನಡೆಯನ್ನು ಕೇಳಿಸಿರಿ ಎಂದು ಬೇಡಿಕೊಳ್ಳಲಿದ್ದೇವೆ. ಓದುಗ ಬಂಧುಗಳೂ ತಮ್ಮ ತಮ್ಮ ಊರುಗಳಲ್ಲಿ ಹೀಗೆಯೇ ಒಬ್ಬೊಬ್ಬರ ಎದುರು ಕುಳಿತುಕೊಳ್ಳಲಿ ಎಂಬುದು ನಮ್ಮ ಬಿನ್ನಹ. ಶರಣು ಶರಣಾರ್ಥಿ.